ಸಿಲಿಂಡರಿಗೊಂದು ಲಂಗ

ಹೊರಗಿನವರಿಗೆ ಸುಳ್ಳು ಹೇಳುವುದು ಕಷ್ಟ. ಹೆತ್ತವರಿಗೆ ಹೇಳುವುದು ಬಲು ಸುಲಭ. "ಚೆನ್ನಾಗುಂಟಾ?" ಎಂದು ಅವರು ಕೇಳುವ ಮೊದಲೇ "ಭಾರಿ ಚೆನ್ನಾಗುಂಟು" ಎಂದು ಬಾಯಿ ತಾನಾಗಿ ಹೇಳಿಬಿಟ್ಟಿರುತ್ತದೆ. ಹಾಗೆ ಹೇಳಿದ್ದರಿಂದಲೇ ಉಡುಪಿಯ ನನ್ನ ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರು ಲಂಗ ಉಡುವಂತಾಯಿತು.

ಕಾರ್ಕಳದಲ್ಲಿರುವ ನನ್ನ ಅಮ್ಮ ಕ್ರೋಶಾ ಹೆಣಿಗೆ ಕಲಿತು, ಟಿವಿಗೊಂದು ಮುಸುಕು ಹೆಣೆದು ಕೊಟ್ಟಳು. ನಾನು ಹೊಗಳಿದೆ. ಅಲ್ಲಿಂದ ಶುರು ನೋಡಿ: ಮಿಕ್ಸಿಗೆ ಅಂಗಿ, ನೀರಿನ ಫಿಲ್ಟರಿಗೆ ಟೊಪ್ಪಿ, ಕೊನೆಗೆ ಸಿಲಿಂಡರಿಗೆ ಗುಲಾಬಿ ಬಣ್ಣದ ನೆರಿಗೆ ಲಂಗ. ನಮ್ಮಲ್ಲಿ ಕೊರಿಯರು ಯಾರಿಗೆ ಬೇಕು? ಅಮ್ಮ ಬಸ್ಸಿನ ಕಂಡಕ್ಟರ ಕೈಗೆ ಪೊಟ್ಟಣ ಕೊಟ್ಟು ನನಗೆ ಫೋನು ಮಾಡುತ್ತಾಳೆ. ನಾನು ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತೇನೆ. "ಟೀಚರ್, ಅಮ್ಮನ ಪಾರ್ಸೆಲ್ ಉಂಟು" ಎಂದು ಕಂಡಕ್ಟರು ಕೂಗುವಾಗ, ಪಕ್ಕದಲ್ಲಿ ನಿಂತವರು ಹಲಸಿನ ಹಪ್ಪಳವೋ ಏನೋ ಎಂದು ಆಸೆಯಿಂದ ನೋಡುತ್ತಾರೆ. ನನ್ನ ಸಂಕಟ ಅವರಿಗೇನು ಗೊತ್ತು.

ಈ ಬಟ್ಟೆಬರೆಯನ್ನೆಲ್ಲ ಚೀಲಕ್ಕೆ ತುಂಬಿ ಕಪಾಟಿನ ಮೇಲಿಟ್ಟು, ಅಮ್ಮ ಬರುತ್ತಾಳೆಂದರೆ ಮಾತ್ರ ಇಳಿಸಿ ಇಡೀ ಮನೆಗೆ ಉಡಿಸುತ್ತಿದ್ದೆ. ನನ್ನ ಗಂಡ ಅದಕ್ಕೆ ಅಲಂಕಾರ ಪೂಜೆ ಎಂದು ಹೆಸರಿಟ್ಟಿದ್ದರು. ಆದರೆ ನಮ್ಮ ಎಕ್ಸ್‌ಪ್ರೆಸ್ ಬಸ್ಸುಗಳ ಅವಸರ ನಿಮಗೆ ಗೊತ್ತಿದ್ದದ್ದೇ. ಕಳೆದ ತಿಂಗಳು "ಮಣಿಪಾಲಕ್ಕೆ ಬಂದೆ" ಎಂದು ಫೋನಿಟ್ಟ ಅಮ್ಮ, ನಾನು ಸ್ಟೂಲು ಹತ್ತಿ ಇಳಿದು ಕೈಗೆ ಸಿಕ್ಕಿದ್ದನ್ನು ಸಿಕ್ಕಿದ್ದಕ್ಕೆ ತೊಡಿಸುವಷ್ಟರಲ್ಲಿ ಬಾಗಿಲಲ್ಲಿದ್ದಳು. ಗಡಿಬಿಡಿಯಲ್ಲಿ ಫಿಲ್ಟರಿನ ಟೊಪ್ಪಿ ಮಿಕ್ಸಿಯ ತಲೆಗೇರಿತ್ತು, ಸಿಲಿಂಡರಿನ ಲಂಗ ಟಿವಿಯ ಮೇಲೆ ಜೋತಾಡುತ್ತಿತ್ತು.

ಅಮ್ಮ ಟಿವಿಯನ್ನೂ ನೋಡಿದಳು, ನನ್ನನ್ನೂ ನೋಡಿದಳು. "ಇದೆಂತ ಮಗಾ?"

ಒಗೆದು ಹಾಕುವಾಗ ಅದಲು ಬದಲಾಯಿತು ಎಂದಿದ್ದರೆ ಪಾಪ, ನಂಬುತ್ತಿದ್ದಳು. ಮರುವಾರ ಸೋಫಾದ ಕಾಲಿಗೂ ಏನಾದರೂ ಬರುತ್ತಿತ್ತು. ಅವಳ ಮನಸ್ಸು ನೋಯುತ್ತದಲ್ಲ ಎಂದು ನನಗೆ ಹೆದರಿಕೆ. ಆದರೂ ಗಟ್ಟಿ ಮನಸ್ಸು ಮಾಡಿದೆ. "ಅಮ್ಮಾ, ಬೇಜಾರು ಮಾಡಬೇಡ. ನೀನು ಬರುವಾಗ ಮಾತ್ರ ಇದನ್ನೆಲ್ಲ ಹಾಕುವುದು. ನನಗೆ ಇದು ಯಾವುದೂ ಇಷ್ಟ ಇಲ್ಲ."

ಅಮ್ಮ ಕುರ್ಚಿಯಲ್ಲಿ ಕುಳಿತಳು. ಇನ್ನೇನು ಅಳುತ್ತಾಳೆ ಅಂದುಕೊಂಡೆ.

"ಬದುಕಿದೆ ಮಾರಾಯ್ತಿ," ಎಂದಳು. "ಕಣ್ಣು ಉರಿ, ಕುತ್ತಿಗೆ ನೋವು. ನಿನಗೆ ಆಸೆ ಉಂಟಲ್ಲ ಅಂತ ಹೆಣೆಯುತ್ತಿದ್ದೆ."

ಗೆದ್ದೆ! ನಿಜ ಹೇಳಿದರೆ ಮೈ ಇಷ್ಟು ಹಗುರವಾಗುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಆ ಸಂಭ್ರಮದಲ್ಲಿ ಚಹಾಕ್ಕೆ ಸಕ್ಕರೆ ಜಾಸ್ತಿಯೇ ಬಿತ್ತು. ಅದನ್ನು ಕುಡಿದು ಅಮ್ಮನಿಗೂ ಧೈರ್ಯ ಬಂತು.

"ಹಾಗಾದರೆ ನಾನೂ ಒಂದು ಹೇಳಲಾ? ಅಪ್ಪನಿಗೆ ಅಂತ ನೀನು ತಂದುಕೊಟ್ಟ ವ್ಯಾಯಾಮದ ಸೈಕಲ್ ಉಂಟಲ್ವಾ, ಅದರಲ್ಲಿ ನಾವು ಬಟ್ಟೆ ಒಣಗಿಸುವುದು. ನೀನು ಬರುತ್ತಿ ಅಂತ ಫೋನು ಬಂದ ಕೂಡಲೇ ಅಪ್ಪ ಓಡಿಹೋಗಿ ಟವೆಲು ತೆಗೆಯುತ್ತಾರೆ."

ನಾನು ಹೋದಾಗಲೆಲ್ಲ ಅಪ್ಪ ಏದುಸಿರು ಬಿಡುತ್ತಿರುತ್ತಿದ್ದರು. ಈಗಷ್ಟೇ ಸೈಕಲ್ ತುಳಿದು ಇಳಿದಿರಬೇಕು ಎಂದು ನಾನು ಹೆಮ್ಮೆಪಡುತ್ತಿದ್ದೆ.

ಮರುವಾರ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು ಬಸ್ಸಿನ ಡಿಕ್ಕಿ ತೆರೆದರು. "ಟೀಚರ್, ಅಮ್ಮನ ಪಾರ್ಸೆಲ್. ಸ್ವಲ್ಪ ಭಾರ ಉಂಟು, ಆ ಕಡೆ ಹಿಡಿಯಿರಿ." ಸೈಕಲ್ ಈಗ ನಮ್ಮ ಮನೆಯಲ್ಲಿದೆ. ತುಳಿಯಲು ನನಗೆಲ್ಲಿಯ ಪುರುಸೊತ್ತು? ಸುಮ್ಮನೆ ಧೂಳು ಕೂರುತ್ತದೆ. ಮೊನ್ನೆ ಕಪಾಟಿನ ಮೇಲಿನ ಚೀಲ ಇಳಿಸಿ ನೋಡಿದೆ. ಸಿಲಿಂಡರಿನ ಲಂಗ ಅದರ ಸೀಟಿಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಹ್ಯಾಂಡಲಿಗೆ ಮಾತ್ರ ಸರಿಹೊಂದುವುದು ಯಾವುದೂ ಇಲ್ಲ. ಅಮ್ಮನ ಹತ್ತಿರ ಕೇಳಬೇಕು. ಯಾವ ಮುಖ ಇಟ್ಟುಕೊಂಡು ಕೇಳುವುದೋ ಗೊತ್ತಾಗುತ್ತಿಲ್ಲ.