ಹಂಡೆಗೆ ಉಡಿಸಿದ ಕೌದಿ

ನಮ್ಮ ಮಾಮಾನಂಥ ಜಿಪುಣ ಇಡೀ ರಾಯಬಾಗ ತಾಲೂಕಿನಲ್ಲೇ ಇಲ್ಲ! ರೊಕ್ಕದ ಮಾತಲ್ಲ, ಕಿಸೆ ಸದಾ ತೂತು. ಅವರ ಜಿಪುಣತನವೆಲ್ಲ ಬಿಸಿಯ ಮೇಲೆ. ತೆರೆದ ಪಾತ್ರೆಯಿಂದ ಹಬೆ ಎದ್ದರೆ ಓಡಿಹೋಗಿ ಮುಚ್ಚಿಬಿಡುವವರು. ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬಾಯ್ಲರ್ ಕಾಯ್ದ ಮನುಷ್ಯ, ಏನು ಮಾಡುವುದು?

ನನ್ನ ಮದುವೆಯಲ್ಲಿ ಅಕ್ಷತೆಯ ಹೊತ್ತಿಗೆ ಸೋದರಮಾವನೇ ನಾಪತ್ತೆ! ಹುಡುಕಿದರೆ ಅಡುಗೆಯವರ ಜೊತೆ ಜಗಳ. "ಸಾರಿನ ಮುಚ್ಚಳ ಎಲ್ಲೈತ್ರಿ? ಅರ್ಧಾ ಬೆಂಕಿ ಗಾಳಿಗೆ ಹೊಂಟೈತಿ!" ಮದುವೆಯ ಫೋಟೋದಲ್ಲಿ ಅವರು ಇವತ್ತಿಗೂ ಮುಚ್ಚಳ ಹಿಡಿದೇ ನಿಂತಿದ್ದಾರೆ.

ಇಂಥವರು ನಿವೃತ್ತರಾಗಿ, ತೊಂಬತ್ತರ ದಶಕದ ಆರಂಭದಲ್ಲಿ, ಊರ ಹೊರಗಿನ ವೃದ್ಧಾಶ್ರಮದ ಉಸ್ತುವಾರಿಗೆ ಬಂದರು. ಅಲ್ಲಿ ಅರವತ್ತು ಮಂದಿಗೆ ಹಿತ್ತಲ ಒಲೆಯ ಮೇಲೆ ಒಂದೇ ದೊಡ್ಡ ಹಂಡೆ. ಅದರ ಪೈಪು ಗೋಡೆಗುಂಟ ಗಂಡಸರ ಬಚ್ಚಲುಗಳನ್ನು ದಾಟಿ ಹೆಂಗಸರ ಕಡೆಗೆ ಹೋಗುತ್ತಿತ್ತು. ತೀರ ಕೊನೆಯ ಬಚ್ಚಲು ಚಿಂಚಲಿಯ ಒಬ್ಬ ಅಜ್ಜಿಯದು. ಅಲ್ಲಿಗೆ ಮುಟ್ಟುವಷ್ಟರಲ್ಲಿ ನೀರು ತಣ್ಣಗೆ! ಚಳಿಗಾಲದಲ್ಲಿ ಪಾಪ ಆಕೆ, "ನನಗ ಜಳಕಾನ ಬ್ಯಾಡ್ರಿ" ಎಂದು ಮುದುಡಿ ಕೂತುಬಿಡುತ್ತಿದ್ದಳು.

"ಇನ್ನೊಂದ್ ಹೊರಿ ಕಟ್ಟಿಗಿ ಹಾಕ್ರಿ," ಅಂದರು ಕಮಿಟಿಯವರು.

ಮಾಮಾ ಪೈಪಿನ ಮೇಲೆ ಕೈಯಿಟ್ಟು ಚಟ್ಟನೆ ತೆಗೆದರು. "ಎಷ್ಟ್ ಹಾಕಿದ್ರೂ ಅಷ್ಟರಿ. ನಾವು ಗ್ವಾಡಿಗೆ ಜಳಕಾ ಮಾಡ್ಸಾಕತ್ತೀವಿ!"

ಮರುದಿನ ಅಜ್ಜಿಯರ ನಡುವೆ ಹೋಗಿ ಕೂತರು. "ಕೌದಿ ಹೊಲೀಬೇಕ್ರೆವ್ವಾ."

"ಯಾರಿಗೋ ಯಪ್ಪಾ ಥಂಡಿ?"

"ಪೈಪಿಗೆ!"

ಅಜ್ಜಿಯರು ಬೊಚ್ಚುಬಾಯಿ ತೆರೆದು ನಕ್ಕರು. "ಕಾರ್ಖಾನಿ ಉರಿಗೆ ಇವನ ತೆಲಿ ಕಾದೈತಿ" ಎಂದರೂ ಗಂಟು ಬಿಚ್ಚಿ ಹಳೇ ಸೀರೆ ತೆಗೆದರು. ಹದಿನೈದು ದಿನ ಸೂಜಿ, ದಾರ, ಹಾಡು. ಪೈಪಿಗೆ ಉದ್ದಕ್ಕೂ ಕೌದಿ, ಹಂಡೆಗೆ ಕೆಂಪಂಚಿನ ಕೌದಿ! ನಿಪ್ಪಾಣಿಯ ಅಜ್ಜ ಒಬ್ಬರು ಮದುಮಗಳನ್ನು ನೋಡಿದವರಂತೆ ಮರಾಠಿಯಲ್ಲಿ, "ವಾ! ನವರಿ ಛಾನ್ ಆಹೆ!" ಎಂದರು. ಆದರೆ ಮೊದಲ ದಿನವೇ ನವರಿಯ ಸೆರಗಿಗೆ ಬೆಂಕಿ ತಗುಲಬೇಕೆ? ಮಾಮಾ ಕೆಳಗೆ ಮಣ್ಣು ಮೆತ್ತಿ, ಕೌದಿಯನ್ನು ಮೊಣಕಾಲ ಮೇಲಕ್ಕೇರಿಸಿ ಮತ್ತೆ ಉಡಿಸಿದರು.

ಮರುದಿನ ಮುಂಜಾನೆ ನಾನೂ ಅಲ್ಲಿದ್ದೆ. ಕಟ್ಟಿಗೆ ಹಿಂದಿನದರ ಅರ್ಧದಷ್ಟೇ. ಗಂಡಸರದು ಆಯಿತು, ಹೆಂಗಸರದೂ ಆಯಿತು. ಕೊನೆಗೆ ಚಿಂಚಲಿಯ ಅಜ್ಜಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಾಮಾ ಹೊರಗೆ ಉಗುರು ಕಚ್ಚುತ್ತ ನಿಂತರು.

ಒಳಗಿಂದ ಒಮ್ಮೆಲೇ ಚೀರಾಟ. "ಅಯ್ಯಯ್ಯ, ಸುಡತೈತೋ! ತಣ್ಣೀರ ತಾರೋ ಯಪ್ಪಾ!"

ನಾನು ಕೊಡ ಹಿಡಿದು ಓಡಿದೆ. ಮಾಮಾ ನಿಂತಲ್ಲಿಂದ ಕದಲಲಿಲ್ಲ. ಅವರ ಕಣ್ಣು ತುಂಬಿತ್ತು. ಅವರ ಅವ್ವ, ಅಂದರೆ ನನ್ನ ಅಜ್ಜಿ, ಹದಿನಾಲ್ಕು ಮಂದಿಯ ಮನೆಗೆ ನೀರು ಕಾಯಿಸಿ, ಎಲ್ಲರದೂ ಆದ ಮೇಲೆ ತಳದ ತಣ್ಣೀರಲ್ಲಿ ಮಿಂದವಳು. ಬದುಕಿದ್ದಷ್ಟು ದಿನವೂ ಹಾಗೆಯೇ. ಮಾಮಾನನ್ನು ಬಿಟ್ಟು ನಮಗ್ಯಾರಿಗೂ ಅದು ನೆನಪಿರಲಿಲ್ಲ.

ಮಾಮಾ ಬಾಗಿಲಿಗೆ ಹಣೆ ಆನಿಸಿ ಮೆಲ್ಲಗೆ ಕೇಳಿದರು: "ಏನಂದಿಬೇ ಯವ್ವಾ? ಇನ್ನೊಮ್ಮೆ ಅನ್ನು."