ಅತ್ತೆಯ ಕೈಗೊಂದು ಹಲ್ಲು

ಒಂದೂರಿನಲ್ಲಿ ಒಬ್ಬ ಬೀಗ ರಿಪೇರಿಯವನಿದ್ದ. ಏಳು ಸಮುದ್ರದಾಚೆ ಗಿಳಿಯೊಳಗೆ ಪ್ರಾಣ ಬಚ್ಚಿಟ್ಟ ರಾಕ್ಷಸನ ಹಾಗೆ, ಅವನ ಪ್ರಾಣವೆಲ್ಲ ಬಾಯಿಯ ಬಲಗಡೆ, ಕಟ್ಟಕಡೆಯ ಮೂಲೆಯಲ್ಲಿ ಅಡ್ಡಡ್ಡ ಮಲಗಿದ್ದ ಒಂದು ಬುದ್ಧಿಹಲ್ಲಿನಲ್ಲಿತ್ತು. ಅದು ನೋಯುತ್ತ ಎದ್ದಾಗ ಅವನೂ ಏಳುತ್ತಿದ್ದ, ಅದು ಮಲಗಿದರೆ ಅವನೂ ಮಲಗುತ್ತಿದ್ದ. ಬೀದಿಯ ಯಾವ ಬೀಗವಾದರೂ ಅವನ ಕೈ ಸೋಕಿದರೆ ಬಾಯಿ ಬಿಡುತ್ತಿತ್ತು. ಅವನ ಬಾಯಿಯನ್ನು ಮಾತ್ರ ಯಾವ ದಂತವೈದ್ಯರೂ ಬಿಡಿಸಿರಲಿಲ್ಲ.

ಅದೇ ಮನೆಯಲ್ಲಿ ಅವನ ಅತ್ತೆಯೂ ಇದ್ದರು. ಎಲ್ಲರೂ ಇಳಿದುಹೋದ ಬಸ್ಸಿನಲ್ಲಿ ಕೊನೆಯ ಸ್ಟಾಪಿನವರೆಗೂ ಕೂತಿರುವ ಪ್ರಯಾಣಿಕನ ಹಾಗೆ ಅವರ ಬಾಯಲ್ಲಿ ಒಂದೇ ಒಂದು ಹಲ್ಲು ಉಳಿದಿತ್ತು. ಆ ಒಂದೂ ಈಚೆಗೆ ನೋಯತೊಡಗಿತ್ತು. ಕೆನ್ನೆಗೆ ಕೈ ಕೊಟ್ಟು, ಊಟದ ತಟ್ಟೆಯನ್ನು ದೂರ ತಳ್ಳಿ ಕೂರುತ್ತಿದ್ದರು. ಮಗಳು ಗೋಗರೆದರೂ ಡಾಕ್ಟರ ಹತ್ತಿರ ಹೋಗಲೊಲ್ಲರು.

"ಅಳಿಯಂದ್ರು ಮೊದ್ಲು ಕೀಳಿಸ್ಕೊಳ್ಲಿ. ಅವರ ಕೈಲಾದ್ರೆ ನನ್ನ ಕೈಲೂ ಆಗುತ್ತೆ" ಎಂದು ಒಂದೇ ಹಟ.

ಅಳಿಯ ಆಗ ಮೆಟ್ಟಿಲ ಮೇಲೆ ಕೂತು, ಎಡಗಡೆಯ ಹಲ್ಲಿನಿಂದ ಹುರಿದ ಕಡಲೆಕಾಯಿ ಬೀಜ ಅಗಿಯುತ್ತಿದ್ದ. ಹುರಿದ ಬೀಜ ಬಾಯಲ್ಲಿದ್ದಾಗ ಮನುಷ್ಯನಿಗೆ ಎಲ್ಲಿಲ್ಲದ ಧೈರ್ಯ. "ಅದಕ್ಕೇನತ್ತೆ! ನಾಳೆ ಬೆಳಿಗ್ಗೆ ನಂದು, ಸಂಜೆ ನಿಮ್ದು. ಕಿತ್ತ ಹಲ್ಲನ್ನ ತಂದು ನಿಮ್ಮ ಅಂಗೈ ಮೇಲೇ ಇಡ್ತೀನಿ, ನೋಡ್ತಿರಿ" ಎಂದುಬಿಟ್ಟ.

ಮೇಲ್ಮನೆಯ ಟೈಲರಮ್ಮ ಕಟಕಟೆಯಿಂದ ಬಗ್ಗಿ "ಭೇಷ್ ಅಣ್ಣ!" ಎಂದಳು. ಎದುರು ಮನೆಯ ನಿವೃತ್ತ ಮೇಷ್ಟ್ರು ಪೇಪರಿನ ಮರೆಯಿಂದ ತಲೆಯೆತ್ತಿ "ನಾವೂ ಸಾಕ್ಷಿ" ಎಂದರು. ಅಲ್ಲಿಗೆ ಮಾತು ಕೊಟ್ಟಂತಾಯಿತು.

ಮಾರನೇ ಬೆಳಿಗ್ಗೆ ದಂತವೈದ್ಯರ ಬಾಗಿಲಲ್ಲಿ ತನ್ನ ಚಪ್ಪಲಿ ಬಿಟ್ಟು, ಅಲ್ಲಿಯ ನೀಲಿ ರಬ್ಬರ್ ಚಪ್ಪಲಿ ಮೆಟ್ಟಿ ಒಳಗೆ ಹೋದ. ಕುರ್ಚಿಯಲ್ಲಿ ಒರಗಿದ. ಕೊರಳಿಗೊಂದು ಬಿಳಿ ಬಟ್ಟೆ ಕಟ್ಟಿದರು. ಇಂಜೆಕ್ಷನ್ನೂ ಚುಚ್ಚಿದರು. ಅಲ್ಲಿಯವರೆಗೂ ಅವನು ಗಂಡಸಾಗಿಯೇ ಇದ್ದ. ಕೆಟ್ಟದ್ದೇನಾಯಿತೆಂದರೆ, ಅವನ ಕಣ್ಣು ಪಕ್ಕದ ತಟ್ಟೆಯ ಮೇಲೆ ಬಿತ್ತು. ಬೇರೆ ಯಾರಾದರೂ ಆಗಿದ್ದರೆ ಅವನ್ನು ಹಲ್ಲಿನ ಉಪಕರಣ ಎಂದುಕೊಂಡು ಸುಮ್ಮನಿರುತ್ತಿದ್ದರು. ಇವನಿಗೆ ಒಂದೊಂದೂ ಗುರುತಿನದು! ಅಂಥದ್ದೇ ಇಕ್ಕಳ, ಅಂಥದ್ದೇ ಮೀಟುಗೋಲು ಅವನ ಅಂಗಡಿಯಲ್ಲೂ ಇದ್ದವು. ತುಕ್ಕು ಹಿಡಿದ ಬೀಗಕ್ಕೆ ಅವುಗಳಿಂದ ತಾನು ಏನೇನು ಮಾಡುತ್ತೇನೆ, ಎಷ್ಟು ಸಲ ಕೈ ಜಾರುತ್ತದೆ, ಜಾರಿದಾಗ ಬಾಗಿಲಿಗೇ ಏನಾಗುತ್ತದೆ ಎಂಬುದೆಲ್ಲ ಒಂದೇ ಗಳಿಗೆಯಲ್ಲಿ ಕಣ್ಮುಂದೆ ಬಂತು.

"ಹಾಕ್ಟ್ರೇ, ಹೊಂಚೂರು ನೀರು ಕುಡಿದು ಬರ್ತೀನಿ" ಎಂದ, ಮರಗಟ್ಟಿದ ನಾಲಿಗೆಯಲ್ಲಿ.

ನೀರಿನ ಹೂಜಿ ಬಾಗಿಲ ಪಕ್ಕದಲ್ಲಿತ್ತು. ಅವನು ಅದನ್ನೂ ದಾಟಿದ, ಬಾಗಿಲನ್ನೂ ದಾಟಿದ, ಬೀದಿಯನ್ನೂ ದಾಟಿದ.

ಮನೆಯ ಮೆಟ್ಟಿಲು ಹತ್ತುವಾಗ ಕೊರಳ ಬಟ್ಟೆ ಇನ್ನೂ ಹಾಗೇ ಇತ್ತು. ಬಲಗೆನ್ನೆ ಒದ್ದೆ ಚೀಲದ ಹಾಗೆ ಜೋತುಬಿದ್ದಿತ್ತು. ಟೈಲರಮ್ಮ ಮೊದಲು ನೋಡಿದವಳು.

"ಅಯ್ಯೋ ಅಣ್ಣ, ಕೀಳಿಸ್ಕೊಂಡೇ ಬಂದ್ರಾ!"

ಇಲ್ಲ ಎನ್ನಲೆಂದೇ ಬಾಯಿ ತೆರೆದ. ನಿಜವಾಗಿಯೂ ಅದಕ್ಕೇ ತೆರೆದ. ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದು, ಎರಡೂ ಕೈ ಎದೆಗೆ ಒತ್ತಿಕೊಂಡು ಅವನನ್ನೇ ನೋಡುತ್ತಿದ್ದರು. ಮದುವೆಯಾದ ಇಷ್ಟು ವರ್ಷದಲ್ಲಿ ಅತ್ತೆ ಅವನನ್ನು ಹಾಗೆ ನೋಡಿದ್ದೇ ಇಲ್ಲ. ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ತಲೆ ಮಾತ್ರ ತಾನಾಗಿ, ಯಾರೋ ಹಿಂದಿನಿಂದ ತಳ್ಳಿದಂತೆ, ಹೌದೆಂದು ಆಡಿತು.

ಒಳಗೆ ಹೋದವನೇ ನೀಲಿ ಚಪ್ಪಲಿಯನ್ನು ಬಾಗಿಲ ಹಿಂದೆ, ಪೊರಕೆಯ ಮರೆಗೆ ತಳ್ಳಿದ. ನಾಚಿಕೆಯನ್ನೂ ಹಾಗೇ ಒಂದು ಮೂಲೆಗೆ ತಳ್ಳಲು ನೋಡಿದ. ಅದು ಜೊತೆಗೇ ಬಂದು ಮಂಚದ ಮೇಲೆ ಕೂತಿತು.

"ಎಲ್ಲಿ, ಹಲ್ಲೆಲ್ಲಿ?" ಎಂದು ಅತ್ತೆ ಅಂಗೈ ಚಾಚಿದರು.

"ಹಾಕ್ಟ್ರು... ಇಟ್ಕೊಂಡ್ರು."

"ಅವರಿಗ್ಯಾಕಂತೆ ನಮ್ಮನೆ ಹಲ್ಲು? ಇರ್ಲಿ ಬಿಡಿ, ಸಂಜೆ ಹೋಗ್ತೀನಲ್ಲ, ನಾನೇ ಕೇಳಿ ತರ್ತೀನಿ."

ಇವನು ಗಾಬರಿಯಾಗಿ, ಹಸಿವೆಂದು ಹೊಟ್ಟೆ ಮುಟ್ಟಿ ತೋರಿಸಿದ.

ಅಂದು ಅಡುಗೆಮನೆಯ ಅಧಿಕಾರ ಅತ್ತೆಯ ಕೈಗೆ ಹೋಯಿತು. ಎಲ್ಲರೂ ಕಟುಂ ಕುಟುಂ ಎನ್ನುವಾಗ ತಾವೊಬ್ಬರೇ ಒಂದು ಬಟ್ಟಲು ಮೆತ್ತನೆಯದನ್ನು ಹಿಡಿದು ಮೂಲೆಯಲ್ಲಿ ಕೂತ ಎಷ್ಟೋ ವರ್ಷಗಳು ಅವರ ಬೆನ್ನ ಹಿಂದಿದ್ದವು. ಈಗ ಅವರ ಸಂಘಕ್ಕೆ ಎರಡನೆಯ ಸದಸ್ಯ ಬಂದಿದ್ದ.

"ಹಲ್ಲಿಲ್ಲದ ಊಟ ಅಂದ್ರೆ ಹುಡುಗಾಟ ಅಲ್ಲ, ಅಳಿಯಂದ್ರೇ. ನಾನು ಹೇಳ್ಕೊಡ್ತೀನಿ" ಎಂದು ಎದುರು ಕೂತರು. "ಮೊದಲ್ನೇ ದಿನ ಬಿಸಿ ಮುಟ್ಟೋ ಹಾಗಿಲ್ಲ. ಗಂಜಿ ತಣ್ಣಗಿರ್ಬೇಕು, ಉಪ್ಪು ಕಮ್ಮಿ, ಖಾರ ಇಲ್ಲವೇ ಇಲ್ಲ. ಬಾಳೆಹಣ್ಣನ್ನ ಚಮಚದ ಬೆನ್ನಲ್ಲಿ ಅರೀಬೇಕು, ಒಂದು ಗಂಟೂ ಉಳೀಬಾರ್ದು. ಏನನ್ನೂ ಹೀರ್ಬೇಡಿ. ಹೀರಿದ್ರೆ ಗಾಯ ಬಾಯಿ ಬಿಡುತ್ತೆ. ಆ ಅನ್ನಿ."

"ಆ" ಎಂದ. ಕುಂಬಳಕಾಯಿ ಬೇಯಿಸಿ ಅರೆದದ್ದು ಬಾಯೊಳಗೆ ಬಂತು. ಉಪ್ಪಿಲ್ಲ, ಹುಳಿಯಿಲ್ಲ. ಗೋಡೆಗೆ ಬಳಿಯುವ ಸುಣ್ಣಕ್ಕೂ ಅದಕ್ಕಿಂತ ಸ್ವಂತ ಸ್ವಭಾವವಿತ್ತು. ಅವನಿಗೊಂದು ಚಮಚ ಕೊಟ್ಟು ತಾವೊಂದು ಚಮಚ ತಿಂದು, ಅತ್ತೆ ಎಳೆ ಮಗುವಿನ ಹಾಗೆ ನಕ್ಕರು. "ಒಬ್ಬಳೇ ತಿನ್ನೋದಕ್ಕಿಂತ ಇಬ್ರು ತಿಂದ್ರೆ ಎಷ್ಟು ರುಚಿ, ಅಲ್ವಾ?"

ಆ ಮಾತು ಕುಂಬಳಕಾಯಿಗಿಂತ ಕಷ್ಟಪಟ್ಟು ಗಂಟಲಲ್ಲಿ ಇಳಿಯಿತು.

ಮಧ್ಯಾಹ್ನಕ್ಕೆ ಟೈಲರಮ್ಮ ಐಸ್‌ಕ್ರೀಮ್ ತಂದಳು, ಮೇಷ್ಟ್ರು ಸೂಪು ತಂದರು.

"ಸೂಪು ಬಿಸಿ ಇದೆ ಮೇಷ್ಟ್ರೇ! ಅಣ್ಣನ್ನ ಕೊಲ್ತೀರಾ?"

"ಐಸ್‌ಕ್ರೀಮಲ್ಲಿ ಗೋಡಂಬಿ ಚೂರಿದೆಯಲ್ಲಮ್ಮ! ಅದು ಗಾಯದೊಳಗೆ ಸಿಕ್ಕಿಕೊಂಡ್ರೆ ಯಾರು ತೆಗೀತಾರೆ, ನೀನು ಸೂಜೀಲಿ ತೆಗೀತೀಯಾ?"

ಇಬ್ಬರೂ ಜಗಳವಾಡುತ್ತ ಗೋಡಂಬಿ ಆರಿಸಿದರು. ಆರಿಸಿದ ಒಂದೊಂದನ್ನೂ ಅವನ ಕಣ್ಣೆದುರೇ ತಿಂದರು. ಕೊನೆಗೆ ಸೂಪು ಆರಲೆಂದು ಕಿಟಕಿಯಲ್ಲಿಟ್ಟರು. ಅದನ್ನು ಬೆಕ್ಕು ಕುಡಿಯಿತು. ಐಸ್‌ಕ್ರೀಮು ಜಗಳದ ಕಾವಿಗೆ ಕರಗಿ ನೀರಾಯಿತು. ಹೀರುವಂತಿಲ್ಲವಲ್ಲ, ಅದನ್ನು ಟೈಲರಮ್ಮನೇ ಕುಡಿದು "ಪಾಪ, ಅಣ್ಣನಿಗೆ ಏನೂ ಸೇರಲ್ಲ" ಎಂದು ಮರುಗಿದಳು.

ಕೆನ್ನೆಗೆ ಜೀವ ಬಂದಿತ್ತು. ಅದರ ಹಿಂದೆಯೇ ಹಸಿವು ಬಂತು. ಹೊಟ್ಟೆ, ಬೀಗ ಹಾಕಿದ ಅಂಗಡಿಯ ಮುಂದೆ ನಿಂತ ಗಿರಾಕಿಯ ಹಾಗೆ ಬಡಿದೂ ಬಡಿದೂ ಕೂಗುತ್ತಿತ್ತು. ಎಲ್ಲರೂ ಅತ್ತ ತಿರುಗಿದಾಗ ಅವನು ಅಡುಗೆಮನೆಯ ಮೇಲಿನ ಹಲಗೆಯ ಡಬ್ಬಿಗೆ ಕೈ ಹಾಕಿ, ಮುಷ್ಟಿ ತುಂಬ ಕಡಲೆಕಾಯಿ ಬೀಜ ಜೇಬಿಗೆ ಸುರಿದುಕೊಂಡು ಬಚ್ಚಲು ಸೇರಿ ಚಿಲಕ ಹಾಕಿದ. ಮೊದಲ ಬೀಜ ಕಟಂ ಎಂದಿತು. ಸ್ವರ್ಗದ ಬಾಗಿಲು ತೆರೆದಾಗಲೂ ಹೀಗೇ ಸದ್ದಾಗುತ್ತದೇನೋ. ಎರಡು, ಮೂರು, ನಾಲ್ಕು...

"ರೀ, ಏನ್ರೀ ಅದು ಕಟಕಟ ಸದ್ದು?" ಹೊರಗೆ ಹೆಂಡತಿ.

ಬಾಯಿ ತುಂಬಿತ್ತು. "ಚಳಿ ಕಣೇ... ಹಲ್ಲು ಕಟಕಟ ಅಂತಿದೆ."

"ಅಮ್ಮಾ! ಇವರಿಗೆ ಜ್ವರ ಬಂತು!"

ಬಚ್ಚಲಿನಿಂದ ಎಳೆದು ತಂದು ಮಲಗಿಸಿದರು. ಅತ್ತೆ ತಮ್ಮ ಕಂಬಳಿ ಹೊದಿಸಿದರು, ಮೇಷ್ಟ್ರು ತಮ್ಮದು ತಂದರು, ಟೈಲರಮ್ಮ ಯಾರದೋ ಅರ್ಧ ಹೊಲಿದ ಕೋಟನ್ನೇ ಮೇಲೆ ಹಾಕಿದಳು. ಹೊರಗೆ ಸುಡುಬಿಸಿಲು. ಒಳಗೆ ಅವನು ಆಲೂಗಡ್ಡೆಯ ಹಾಗೆ ಬೇಯುತ್ತ, ಎದ್ದು ನಿಜ ಹೇಳಿಬಿಡಬೇಕು, ಈಗ ಹೇಳಿಬಿಡಬೇಕು, ಇನ್ನೊಂದು ಗಳಿಗೆಯಲ್ಲಿ ಹೇಳಿಬಿಡಬೇಕು ಎಂದುಕೊಳ್ಳುತ್ತಲೇ ನಿದ್ದೆ ಹೋದ.

ಎದ್ದಾಗ ಮನೆ ತಣ್ಣಗಿತ್ತು. ಹೆಂಡತಿ ಒಬ್ಬಳೇ ಬಾಳೆಹಣ್ಣು ಅರೆಯುತ್ತಿದ್ದಳು.

"ಅತ್ತೆ ಎಲ್ಲೇ?"

"ಡಾಕ್ಟ್ರ ಹತ್ರ ಹೋದ್ರು ಕಣ್ರಿ, ಒಬ್ರೇ! ನಾನು ಬರ್ತೀನಿ ಅಂದ್ರೂ ಕೇಳ್ಲಿಲ್ಲ. ಬಟ್ಟೆ ಚೀಲ ಹೆಗಲಿಗೆ ಹಾಕ್ಕೊಂಡು ಹೊರಟೇಬಿಟ್ರು. ಎಲ್ಲ ನಿಮ್ಮಿಂದ ಬಂದ ಧೈರ್ಯ." ಅವಳ ಕಣ್ಣು ತುಂಬಿತ್ತು. "ಇಷ್ಟು ದಿನ ಊಟ ಬಿಟ್ಟು ನರಳ್ತಿದ್ರಲ್ಲ. ನೀವು ದೊಡ್ಡ ಮನುಷ್ಯರು ಕಣ್ರಿ."

ದೊಡ್ಡ ಮನುಷ್ಯನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಡಾಕ್ಟರು ನಿಜ ಹೇಳಿಬಿಡುತ್ತಾರೆ ಎಂಬುದೊಂದು ಹೆದರಿಕೆ. ಅದಕ್ಕಿಂತ ಹೆಚ್ಚಾಗಿ, ತನ್ನ ಸುಳ್ಳಿನ ಕೋಲು ಊರಿಕೊಂಡು ಆ ಮುದುಕಿ ಒಬ್ಬಳೇ ಬೀದಿಯಲ್ಲಿ ಹೋಗುತ್ತಿರುವ ಚಿತ್ರ ಎದೆಗೆ ಒದೆಯಿತು. ಬಾಗಿಲ ಹಿಂದೆ ಕೈ ಹಾಕಿದರೆ ಪೊರಕೆ ಇತ್ತು, ನೀಲಿ ಚಪ್ಪಲಿ ಸಿಗಲಿಲ್ಲ. ಹುಡುಕುವ ಹೊತ್ತೂ ಅದಾಗಿರಲಿಲ್ಲ. ಬರಿಗಾಲಲ್ಲೇ ಓಡಿದ.

ದಂತವೈದ್ಯರ ಹೊರಕೋಣೆಯ ಬೆಂಚಿನ ತುದಿಯಲ್ಲಿ ಅತ್ತೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಚೀಟಿ ಕೊಡುವ ಹುಡುಗಿ ಅವನನ್ನು ಕಂಡದ್ದೇ ಹುಬ್ಬೇರಿಸಿದಳು. "ಅರೆ, ನೀವು ಬೆಳಿಗ್ಗೆ..."

ಆ ವಾಕ್ಯ ಮುಗಿಯಗೊಡಬಾರದು! ಅವನು ನೇರ ಒಳಬಾಗಿಲಿಗೆ ನುಗ್ಗಿದ.

"ಅಳಿಯಂದ್ರೇ, ಒಂದು ನಿಮಿಷ ನಿಲ್ಲಿ" ಎಂದು ಅತ್ತೆ ಕೂಗಿದರು. ನಿಲ್ಲಲಿಲ್ಲ. ನಿಂತರೆ ಮತ್ತೆಂದೂ ಹೋಗಲಾರನೆಂದು ಅವನಿಗೆ ಗೊತ್ತಿತ್ತು.

"ಬಂದ್ರಾ?" ಎಂದರು ಡಾಕ್ಟರು. "ನೀರು ಕುಡಿದು ಬರ್ತೀನಿ ಅಂದ್ರಿ. ಯಾವೂರಿನ ಬಾವಿಗೆ ಹೋಗಿದ್ರಿ?"

"ಬೈಬೇಡಿ ಡಾಕ್ಟ್ರೇ. ಬೇಗ ಕಿತ್ತು ಕೈಗೆ ಕೊಟ್ಬಿಡಿ" ಎಂದು ಕುರ್ಚಿ ಹತ್ತಿ, ಕಣ್ಣು ಮುಚ್ಚಿ, ಬಾಯಿ ತೆರೆದ.

ಮತ್ತೆ ಇಂಜೆಕ್ಷನ್, ಮತ್ತೆ ಬಿಳಿ ಬಟ್ಟೆ. ಒಳಗೆ ಏನೋ ಕರಕರ ಎಂದಿತು, ಹಳೆಯ ಬೀಗದ ನಾಲಿಗೆ ಸರಿದಂತೆ. ಅಷ್ಟೇ. ರಾಕ್ಷಸನ ಪ್ರಾಣ ಸ್ಟೀಲ್ ತಟ್ಟೆಯಲ್ಲಿ ಠಣ್ ಎಂದು ಬಿತ್ತು. ಇಷ್ಟಕ್ಕೇ ಓಡಿದೆನಲ್ಲ ಎಂಬ ನಾಚಿಕೆಯೂ ಹಳೆಯ ನಾಚಿಕೆಗಳ ಸಾಲಿಗೆ ಸೇರಿತು.

ಕೆನ್ನೆಯೊಳಗೆ ಹತ್ತಿ, ಮುಷ್ಟಿಯೊಳಗೆ ಹಲ್ಲು ಹಿಡಿದು ಹೊರಗೆ ಬಂದು ಅತ್ತೆಯ ಪಕ್ಕದಲ್ಲಿ ಕೂತ. ತಪ್ಪಾಯಿತು ಎನ್ನಲು ಹೋದ. "ಅಫ್ಫೆ, ಫಪ್ಪಾ..."

"ಮಾತಾಡ್ಬೇಡಿ, ಹತ್ತಿ ಜಾರುತ್ತೆ" ಎಂದು ಅತ್ತೆ ಚೀಲದ ಬಾಯಿ ಬಿಚ್ಚಿ, ಒಂದು ಜೊತೆ ಚಪ್ಪಲಿ ತೆಗೆದು ಅವನ ಬರಿಗಾಲಿನ ಮುಂದೆ ಇಟ್ಟರು. ಅವನದೇ ಚಪ್ಪಲಿ. ಅವನೇ ಹಿತ್ತಾಳೆ ಮೊಳೆ ಹೊಡೆದುಕೊಂಡದ್ದು.

ಅವನು ಕಣ್ಣರಳಿಸಿ ನೋಡಿದ. ಬಾಗಿಲ ಬಳಿಯ ಸಾಲಿನಲ್ಲಿ ನೀಲಿ ಚಪ್ಪಲಿ ತನ್ನ ಜಾಗಕ್ಕೆ ಮರಳಿತ್ತು.

"ಮಗಳು ಗುಡಿಸೋವಾಗ ನೋಡಿದ್ರೆ ನಿಮ್ಮ ಮಾನ ಹೋಗ್ತಿತ್ತು. ಅದಕ್ಕೆ ಬದಲಾಯ್ಸಿಕೊಂಡು ಹೋಗೋಣ ಅಂತ ಬಂದೆ" ಎಂದು ಅತ್ತೆ ತಗ್ಗಿದ ದನಿಯಲ್ಲಿ ಹೇಳಿದರು. "ನಿಲ್ಲಿ ನಿಲ್ಲಿ ಅಂದ್ರೆ ನೀವು ನುಗ್ಗಿಬಿಟ್ರಿ."

ಹಾಗಾದರೆ ಹಲ್ಲು? ಅವನು ಅವರ ಕೆನ್ನೆಯತ್ತ ಬೆರಳು ತೋರಿಸಿದ.

"ಓ, ಅದಾ! ನೀವು ಮಲಗಿದ್ದಾಗ ಕಂಬಳಿ ಸರಿ ಮಾಡೋಕೆ ಬಂದ್ನಾ? ಜೇಬಿಂದ ಜಾರಿ ಹಾಸಿಗೆ ತುಂಬ ಕಡಲೆಕಾಯಿ ಬೀಜ. ಆಗ್ಲೇ ಎಲ್ಲ ತಿಳೀತು. ಎಬ್ಬಿಸಿ ಬೈಯೋಣ ಅಂದ್ಕೊಂಡೆ. ಆದ್ರೆ ಆ ಬಿಸಿಲಲ್ಲಿ ಎರಡು ಕಂಬಳಿ, ಒಂದು ಕೋಟು ಹೊದ್ದು ಬೆವರ್ತಿದ್ರಲ್ಲ, ಅಷ್ಟೇ ಸಾಕು ಅನ್ನಿಸ್ತು." ಅತ್ತೆ ಸುತ್ತ ನೋಡಿ ಇನ್ನಷ್ಟು ಹತ್ತಿರ ಬಾಗಿದರು. "ಹುರಿದ ಬೀಜ ತಿಂದು ಎಷ್ಟು ವರ್ಷ ಆಗಿತ್ತೋ. ಆಸೆ ತಡೀಲಿಲ್ಲ, ಒಂದನ್ನ ಬಾಯಿಗೆ ಹಾಕ್ಕೊಂಡೆ. ಕಟ್ ಅಂತು. ಬೀಜ ಮುರೀತು ಅಂದ್ಕೊಂಡೆ, ನೋಡಿದ್ರೆ ಹಲ್ಲು!"

ಬಾಯಿ ಅಗಲಿಸಿ ತೋರಿಸಿದರು. ಬಸ್ಸು ಪೂರ್ತಿ ಖಾಲಿಯಾಗಿತ್ತು.

"ನೋವೂ ಅದರ ಜೊತೆಗೇ ಹೋಯ್ತು. ಇಷ್ಟು ದಿನ ಆ ಒಂದು ಹಲ್ಲು ನೆಟ್ಟಗೆ ವಸಡಿಗೆ ವಸಡು ಸೇರೋಕೇ ಬಿಟ್ಟಿರ್ಲಿಲ್ಲ. ಇನ್ನು ನೋಡಿ, ಎರಡು ದಿನ ಬಿಟ್ಟು ನಾನು ಆ ಡಬ್ಬೀನೇ ಖಾಲಿ ಮಾಡ್ತೀನಿ." ಅತ್ತೆಯ ಮುಖ ಅರಳಿತು. ಮರುಗಳಿಗೆ ಅಳಿಯನ ಹತ್ತಿ ತುಂಬಿದ ಕೆನ್ನೆ ನೋಡಿ ಗಂಭೀರವಾಯಿತು. "ನಿಮಗೆ ಮಾತ್ರ ಈಗ ಅದು ಬೇಡ. ಪುಡಿ ಮಾಡಿ ಕೊಟ್ರೂ ಗಾಯದೊಳಗೆ ಹೋಗಿ ಕೂರುತ್ತೆ. ಬೆಳಗಿನ ಕುಂಬಳಕಾಯಿ ಇನ್ನೂ ಒಂದು ಪಾತ್ರೆ ಇದೆ, ಯೋಚ್ನೆ ಮಾಡ್ಬೇಡಿ. ಮನೇಲಿ ಯಾರಾದ್ರೂ ಕೇಳಿದ್ರೆ ಗಾಯ ಬಾಯಿ ಬಿಟ್ಟಿತ್ತು, ಹತ್ತಿ ಬದಲಾಯ್ಸಿಕೊಂಡು ಬಂದ್ವಿ ಅನ್ನೋಣ. ಏನಂತೀರಿ?"

ಅವನು ಹತ್ತಿ ಕಚ್ಚಿಕೊಂಡೇ ಹೂಂಗುಟ್ಟಿದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಚಪ್ಪಲಿಯೊಳಗೆ ಕಾಲು ತೂರಿಸಿ, ತಲೆ ತಗ್ಗಿಸಿಕೊಂಡೇ ಮುಷ್ಟಿ ಚಾಚಿದ.

ಅತ್ತೆ ಅಂಗೈ ಒಡ್ಡಿದರು. ಅಲ್ಲಿ, ಕರವಸ್ತ್ರದ ಮಡಿಕೆಯಲ್ಲಿ, ಸವೆದ ಪುಟ್ಟ ಹಲ್ಲೊಂದು ಆಗಲೇ ಕಾದು ಕೂತಿತ್ತು. ಬೀಗ ರಿಪೇರಿಯವನು ತನ್ನ ಹಲ್ಲನ್ನು ಅದರ ಪಕ್ಕದಲ್ಲಿಟ್ಟ.