ಸಣ್ಣಸ್ವಾಮಿಯ ಕೆಂಪು ಕೋಸು

ಸಣ್ಣಸ್ವಾಮಿ ಸಂತೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಈ ಫಜೀತಿಯೇ ಇರುತ್ತಿರಲಿಲ್ಲ. ಆಗಿನ್ನೂ ಕೊಡಗೇ ಒಂದು ರಾಜ್ಯ. ಅವನ ಊರು ಶಿರಂಗಾಲದಿಂದ ಹೊಳೆ ದಾಟಿದರೆ ಮೈಸೂರು ರಾಜ್ಯ. ಹೊಳೆಯಾಚೆಯ ಕಾಳೇಗೌಡರ ಮಗನಿಗೆ ತನ್ನ ಮಗಳು ರಂಗಮ್ಮನನ್ನು ಕೊಡುವ ಮಾತು ನಡೆಯುತ್ತಿರುವಾಗಲೇ ಅವನಿಗೆ ರಾಜ್ಯಾಭಿಮಾನ ಉಕ್ಕಿಬಂತು.

"ನಮ್ ಹಿತ್ತಲಲ್ಲಿ ಕೆಂಪು ಕೋಸು ಬೆಳ್ದಿದೀನಿ. ನಿಮ್ ಮೈಸೂರು ಕಡೆ ಇಂಥದ್ದು ಕಣ್ಣಲ್ಲೂ ಕಂಡಿರಾಕಿಲ್ಲ" ಅಂದುಬಿಟ್ಟ.

ಕಾಳೇಗೌಡರು ಮೀಸೆ ನೀವಿಕೊಂಡರು. "ಸೋಮವಾರ ಊಟಕ್ಕೆ ಬತ್ತೀವಿ. ಕೋಸು ಕೆಂಪಗಿದ್ರೆ ಮಿಕ್ಕಿದ್ ಮಾತು. ಸುಳ್ಳು ಹೇಳೋರ ಮನೆ ಹೆಣ್ಣು ನಮಗೆ ಬ್ಯಾಡ."

ಸುಳ್ಳೇನಲ್ಲ. ಅಮ್ಮತ್ತಿಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಬೆಳ್ಯಪ್ಪ ಬಿಳಿ ದೊರೆಯ ಬಂಗಲೆಯಿಂದ ತಂದುಕೊಟ್ಟ ಬೀಜ. ಹುಳು ತಿಂದು, ಕೋಳಿ ಕೆದಕಿ, ಉಳಿದದ್ದು ಒಂದೇ ಗಿಡ. ಅದನ್ನು ಬಾಣಂತಿಯ ಹಾಗೆ ನೋಡಿಕೊಂಡಿದ್ದ. ಇಬ್ಬನಿ ಬಿದ್ದರೆ ತನ್ನ ತಲೆಯ ಟವೆಲನ್ನೇ ಹೊದಿಸುತ್ತಿದ್ದ. ರಂಗಮ್ಮನ ತೊಟ್ಟಿಲಿಗೂ ಇಷ್ಟು ಉಪಚಾರ ನಡೆದಿರಲಿಲ್ಲ ಎಂದು ಹೆಂಡತಿ ಸಿದ್ದಮ್ಮ ಆಡಿಕೊಳ್ಳುತ್ತಿದ್ದಳು.

ಸೋಮವಾರ ಬೆಳಿಗ್ಗೆ ಕೋಸು ಕೊಯ್ದು, "ಇದರದ್ದೇ ಪಲ್ಯ ಆಗ್ಲಿ" ಎಂದಷ್ಟೇ ಹೇಳಿ, ಬೀಗರನ್ನು ಕರೆತರಲು ಹೊಳೆಯ ಕಡೆ ನಡೆದ. ಕಾಳೇಗೌಡರ ಷರತ್ತನ್ನು ಹೆಂಡತಿಗೆ ಹೇಳಲು ಅವನಿಗೆ ಧೈರ್ಯವಿರಲಿಲ್ಲ. ಅವನು ಅತ್ತ ಹೋದದ್ದೇ ತಡ, ಪಕ್ಕದ ಮನೆಯ ಹುಚ್ಚಮ್ಮ ಬೆಂಕಿ ಕೇಳುವ ನೆಪದಲ್ಲಿ ಇತ್ತ ಬಂದಳು.

"ಅಯ್ಯೋ ಸಿದ್ದಿ, ಕೋಸಿಗೆ ರೋಗ ಬಂದೈತಲ್ಲೇ. ಇದನ್ನ ಬೀಗ್ರಿಗೆ ಬಡಿಸ್ತೀಯಾ?"

"ಅದರ ಬಣ್ಣವೇ ಹಂಗಂತೆ ಕಣಕ್ಕ."

"ಗಂಡಸ್ರು ಏನಾದ್ರೂ ಹೇಳ್ತಾರೆ. ಮೇಲಿನೆಲೆ ಕಿತ್ತಾಕು, ಒಳಗೆ ಬೆಳ್ಳಗಿರ್ತದೆ."

ಒಂದೆಲೆ ಕಿತ್ತರು, ಕೆಂಪು. ಇನ್ನೊಂದು ಕಿತ್ತರು, ಅದೂ ಕೆಂಪು. ರೋಗ ಆಳಕ್ಕೆ ಇಳಿದಿದೆ ಎಂದು ಹುಚ್ಚಮ್ಮ ಸೆರಗು ಬಿಗಿದು ಕೂತಳು. ಕಿತ್ತದ್ದೆಲ್ಲ ಕೊಟ್ಟಿಗೆಯ ಹಸುವಿನ ಮುಂದೆ ಬಿತ್ತು. ಕೊನೆಗೆ ಕೈಯಲ್ಲಿ ಉಳಿದದ್ದು ಹೆಬ್ಬೆರಳಿನಷ್ಟು ದಿಂಡು. ಅದು ಮಾತ್ರ ಬೆಳ್ಳಗಿತ್ತು.

"ನಾ ಹೇಳ್ಲಿಲ್ವಾ" ಎಂದಳು ಹುಚ್ಚಮ್ಮ.

ಬೀಗರನ್ನು ಜಗಲಿಯಲ್ಲಿ ಕೂರಿಸಿ ಒಳಗೆ ಬಂದ ಸಣ್ಣಸ್ವಾಮಿ ದಿಂಡು ನೋಡಿ ಗೋಡೆಗೊರಗಿದ. ಕೋಣೆಯಲ್ಲಿ ಹೊಸ ಸೀರೆಯುಟ್ಟು ಕೂತ ಮಗಳ ನೆನಪಾಗಿ ಕಣ್ಣು ತುಂಬಿತು. ಮರುಕ್ಷಣ ಕೊಟ್ಟಿಗೆಗೆ ಓಡಿ, ಹಸುವಿನ ಜೊತೆ ಕಿತ್ತಾಡಿ, ಒಂದು ಬೊಗಸೆ ಎಲೆ ಉಳಿಸಿ ತಂದ. ಹಸುವಿಗೆ ಅವನ ಟವೆಲ್ ಸಿಕ್ಕಿತು.

ತೊಳೆದು ಹೆಚ್ಚಿ ಒಲೆಗಿಟ್ಟರೆ ಎಲೆ ಬೇಯುತ್ತಲೇ ಇಲ್ಲ. ಜಗಲಿಯಲ್ಲಿ ಕಾಳೇಗೌಡರ ಕೆಮ್ಮು ಜೋರಾಯಿತು. ಗಾಬರಿಯಲ್ಲಿ ಸಿದ್ದಮ್ಮ ಒಂದು ಚಿಟಿಕೆ ಅಡುಗೆ ಸೋಡಾ ಉದುರಿಸಿದಳು. ಮುಚ್ಚಳ ತೆಗೆದರೆ ಪಲ್ಯ ನೀಲಿ.

ಬೇರೆ ದಾರಿಯಿಲ್ಲದೆ ಅದನ್ನೇ ಬಡಿಸಿದರು. ಕಾಳೇಗೌಡರು ಬೆರಳ ತುದಿಯಲ್ಲಿ ಮುಟ್ಟಿ ನೋಡಿದರು.

"ಕೆಂಪು ಅಂದಿದ್ರಿ. ಇದು ಸ್ಕೂಲ್ ಮೇಷ್ಟ್ರ ಮಸಿ ಹಂಗೈತೆ."

ಅಷ್ಟರಲ್ಲಿ ಬಡಿಸಲು ನಿಂತಿದ್ದ ಹುಚ್ಚಮ್ಮ, "ಸೋಡಾ ವಾಸ್ನೆ ಹೋಗ್ಲಿ ತಡೀರಿ" ಎನ್ನುತ್ತಾ ಗೌಡರ ಎಲೆಗೆ ಅರ್ಧ ನಿಂಬೆಹಣ್ಣು ಹಿಂಡಿಬಿಟ್ಟಳು.

ಪಲ್ಯ ನೊರೆನೊರೆಯಾಗಿ, ನೋಡನೋಡುತ್ತಿದ್ದಂತೆ ಕುಂಕುಮದ ಬಣ್ಣಕ್ಕೆ ತಿರುಗಿತು. ಪಂಕ್ತಿಯಲ್ಲಿದ್ದವರೆಲ್ಲ ಕತ್ತು ಚಾಚಿ ಗೌಡರ ಎಲೆಯನ್ನೇ ನೋಡಿದರು. ಗೌಡರು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ ತಲೆದೂಗಿದರು.

"ಬೀಗ್ರೆ, ಹೆಣ್ಣು ಒಪ್ಪಿಗೆ. ಒಡವೆ ಬ್ಯಾಡ, ಸೈಕಲ್ಲೂ ಬ್ಯಾಡ. ಬರೋ ತಿಂಗಳೇ ಮದುವೆ. ಊರಿಗೂರನ್ನೇ ಕರ್ಕೊಂಡು ಬತ್ತೀನಿ. ಒಬ್ಬೊಬ್ರ ಎಲೆಗೂ ಈ ಪಲ್ಯ ಬೀಳಬೇಕು, ಕಣ್ಮುಂದೇನೇ ಬಣ್ಣ ತಿರುಗಬೇಕು. ತಿರುಗದಿದ್ರೆ ದಿಬ್ಬಣ ಹಂಗೇ ವಾಪಸ್ಸು."

ಬಾಗಿಲ ಮರೆಯಲ್ಲಿ ರಂಗಮ್ಮನ ಮುಖ ಅರಳಿತ್ತು. ಅದನ್ನು ನೋಡಿದ ಸಣ್ಣಸ್ವಾಮಿ ಆಗಲ್ಲ ಎನ್ನಲಾರದೆ ಹೂಂ ಎಂದ.

ಬೀಗರು ಹೋದ ಮೇಲೆ, ಇದ್ದ ಒಂದೇ ಕೋಸೂ ಮುಗಿಯಿತಲ್ಲ ಎಂದು ತಲೆಯ ಮೇಲೆ ಕೈಹೊತ್ತು ಕೂತವನ ಬೆನ್ನು ತಟ್ಟಿ ಹುಚ್ಚಮ್ಮ ಸಮಾಧಾನ ಹೇಳಿದಳು.

"ಚಿಂತೆ ಯಾಕ್ ಮಗಾ? ಬಿಳಿ ಕೋಸು ಸಂತೇಲಿ ಬೇಕಾದಷ್ಟು ಸಿಕ್ತದೆ. ಬಟ್ಟೆಗಾಕೋ ನೀಲಿ ನಮ್ಮನೇಲೇ ಐತೆ."